ಹಿಂಬದಿಯ ಗುಂಡಿಗೆ ಕುಂಕುಮ

ಲಗ್ನಪತ್ರಿಕೆ ಅಂಗಡಿಯ ನಂಜುಂಡಯ್ಯ ಆಯುಧಪೂಜೆಗೆ ಕಂಪ್ಯೂಟರನ್ನು ತಾನೇ ಒರೆಸಿದ. "ಇದೆಲ್ಲ ಹೆಂಗಸರ ಕೈಲಿ ಆಗೋ ಕೆಲಸವಲ್ಲ" ಅಂದ. ಹಿಂದೆ ಮುಂದೆ ತಿಕ್ಕಿ ಹೊಳೆಯಿಸಿ, ಕುಂಕುಮವಿಟ್ಟು ಆರತಿ ಎತ್ತಿದ.

ಮರುದಿನ ಗುಂಡಿ ಒತ್ತಿದರೆ ಕಂಪ್ಯೂಟರು ಮಿಸುಕಲಿಲ್ಲ. ಬೆಂಚಿನ ತುಂಬ ಗಿರಾಕಿಗಳು. ನಂಜುಂಡಯ್ಯ ಟೈಪು ಮಾಡುವ ಪುಟ್ಟಗೌರಿಯ ಮೇಲೆ ಹರಿಹಾಯ್ದ.

"ನೀನೇ ಕೆಡಿಸಿಟ್ಟಿದ್ದೀಯ. ಈಗಲೇ ಸರಿಯಾಗದಿದ್ದರೆ ನಾಳೆಯಿಂದ ಬರಬೇಡ!"

ಪುಟ್ಟಗೌರಿ ಬಗ್ಗಿ ನೋಡಿದಳು. ಒರೆಸಿದ ರಭಸಕ್ಕೆ ಹಿಂಬದಿಯ ಸ್ವಿಚ್ಚು ಆಫ್ ಆಗಿತ್ತು. ಹಾಗೆಂದರೆ ಯಜಮಾನ ಒಪ್ಪುವ ಆಸಾಮಿಯೇ?

"ಯಜಮಾನ್ರೇ, ಪೂಜೆ ಅರ್ಧಕ್ಕೇ ನಿಂತಿದೆ. ಹಿಂದಿನ ಈ ಕರಿ ಗುಂಡಿಗೆ ಕುಂಕುಮವೇ ಬಿದ್ದಿಲ್ಲ. ನಿಮ್ಮ ಕೈಯಿಂದಲೇ ಆಗಬೇಕು. ಮೇಲ್ತುದಿಗೆ ಒತ್ತಿ ಇಡಿ."

ನಂಜುಂಡಯ್ಯ ಕಣ್ಣು ಮುಚ್ಚಿ, ಭಕ್ತಿಯಿಂದ ಒತ್ತಿದ. ಟಕ್ ಅಂದಿತು. ಮುಂಬದಿಯ ಗುಂಡಿ ಒತ್ತಿದರೆ ಕಂಪ್ಯೂಟರಿನ ಫ್ಯಾನು ಗುಂಯ್ಯೆಂದಿತು.

"ನೋಡಿದಿರಾ ನನ್ನ ಕೈಗುಣ!" ಎಂದು ಗಿರಾಕಿಗಳತ್ತ ಮೀಸೆ ತಿರುವಿದ.

"ಹೌದು ಯಜಮಾನ್ರೇ," ಪುಟ್ಟಗೌರಿ ಕೀಬೋರ್ಡ್ ಎಳೆದುಕೊಂಡಳು. "ನಿನ್ನೆ ಒರೆಸುವಾಗ ಆ ಸ್ವಿಚ್ಚು ಆರಿಸಿದ್ದೂ ಅದೇ ಕೈ."

ಬೆಂಚು ನಕ್ಕಿತು. ನಂಜುಂಡಯ್ಯ ಕುಂಕುಮದ ಬೆರಳನ್ನು ಪಂಚೆಗೆ ಒರೆಸಿಕೊಂಡು, ಮೆಲ್ಲಗೆ ಹೇಳಿದ:

"ಮುಂದಿನ ವರ್ಷ ನೀನೇ ಒರೆಸಮ್ಮ."