ಗಾಣದ ಎತ್ತು ಗುರುತು ಹಿಡಿದ ದನಿ

ಎರಡು ರಾಜ್ಯ, ನಡುವೆ ಒಂದು ಹೊಳೆ. ಈಚೆ ದಡದಲ್ಲಿ ದುಂಡಪ್ಪ ಅಂತ ಒಬ್ಬ ಇದ್ದ. ಎಣ್ಣೆ ಗಾಣದ ಒಡೆಯ.

ಆ ರಾಜ್ಯದಲ್ಲಿ ಒಂದು ಕಾನೂನಿತ್ತು. ರಾಜಮುದ್ರೆ ಇಲ್ದೆ ಹೊಳೆ ದಾಟಿ ಬಂದೋರನ್ನ ಹಿಡಿದು ವಾಪಸ್ ಕಳಿಸ್ಬೇಕು. ದುಂಡಪ್ಪಂಗೆ ಈ ಕಾನೂನು ಬಲು ಇಷ್ಟ. ಯಾಕೆ ಅಂತೀರಾ? ಮೊದಲ್ನೇ ವರ್ಷ ಆಚೆ ದಡದಿಂದ ಒಬ್ಬ ಮುದುಕ ಕದ್ದು ಬಂದ. ಸುಗ್ಗಿ ಪೂರ್ತಿ ಗಾಣ ಹೊಡೆದ. ಕೂಲಿ ಕೇಳಿದ. ದುಂಡಪ್ಪ ಕಾವಲುಗಾರರನ್ನ ಕರೆದ. ಎರಡನೇ ವರ್ಷ ಮುದುಕನ ಅಳಿಯ ಬಂದ. ಅವನಿಗೂ ಅದೇ ಗತಿ. ಮೂರನೇ ವರ್ಷ ಮೈನಿ ಅಂತ ಒಬ್ಳು ಹೆಂಗಸು ಬಂದ್ಳು.

ಮೈನಿಗೆ ಆಚೆ ದಡದಲ್ಲಿ ಒಬ್ಳು ಪುಟ್ಟ ಮಗಳು. ಅಮ್ಮ ಕಾಳು ತರ್ತಾಳೆ ಅಂತ ಕಾಯ್ತಿದ್ಲು. ಮೈನಿ ದಿನಾ ಎತ್ತಿನ ಕಣ್ಣಿಗೆ ಬಟ್ಟೆ ಕಟ್ಟಿ, ಅದರ ಹಿಂದೇನೇ ಸುತ್ತೋಳು. ಎತ್ತು ನಿಂತ್ರೆ ತನ್ನ ಭಾಷೇಲಿ ಮಗಳ ಲಾಲಿ ಗುನುಗೋಳು. ಎತ್ತು ನಡೆಯೋದು.

ಒಂದಿನ ಈಚೆ ದಡದ ರಾಜ ಮಂತ್ರೀನ ಕೇಳಿದ, “ವರ್ಷವರ್ಷಾನೂ ಅದೇ ಗಾಣದ ಹತ್ರ ಯಾಕ್ರೀ ಜನ ಸಿಗ್ತಾರೆ?” ಆಮೇಲೆ ಕಾನೂನು ಬದಲಾಯ್ತು. ಡಂಗುರ ಬಿತ್ತು: ಮುದ್ರೆ ಇಲ್ದೋರನ್ನ ಕದ್ದು ದುಡಿಸ್ಕೊಂಡೋರಿಗೂ ಶಿಕ್ಷೆ. ಕೂಲಿ ಕೊಡದೆ ಯಾರನ್ನೂ ಕಳಿಸೋ ಹಾಗಿಲ್ಲ.

ದುಂಡಪ್ಪ ಬೆವತ. ಮೈನೀನ ಎಳ್ಕೊಂಡು ಹೋಗಿ ರಾಜನ ಮುಂದೆ ನಿಲ್ಲಿಸ್ದ. “ಹೊಳೆ ದಂಡೇಲಿ ಸಿಕ್ಳು ಮಹಾಸ್ವಾಮಿ. ಇವಳ್ಯಾರೋ ನಂಗೊತ್ತಿಲ್ಲ. ನನ್ನ ಗಾಣ ನಾನೇ ಹೊಡೀತೀನಿ.”

ಮೈನಿಗೆ ಮಗಳು ಕಣ್ಮುಂದೆ ಬಂದ್ಳು. ಮೈನಿ ಮೆಲ್ಲಗೆ ಅಂದ್ಳು, “ಹಾಗಾದ್ರೆ ಹೊಡೆದು ತೋರಿಸ್ಲಿ ಬುದ್ಧಿ.”

ಎಲ್ರೂ ಗಾಣಕ್ಕೆ ಹೋದ್ರು. ಎತ್ತಿನ ಕಣ್ಣಿಗೆ ಬಟ್ಟೆ ಕಟ್ಟಿದ್ರು. ದುಂಡಪ್ಪ “ಹೈ” ಅಂದ. ಎತ್ತು ನಿಂತೇ ಇತ್ತು. ಬಾಲ ತಿರುಚಿದ. ನಿಂತೇ ಇತ್ತು. ಬಾರುಕೋಲು ಎತ್ತಿದ. ಅದು ಕಾಲು ಕೀಳ್ಲಿಲ್ಲ.

“ಜನ ನೋಡಿ ಬೆದರಿದೆ ಸ್ವಾಮಿ.”

“ಕಣ್ಣು ಕಟ್ಟಿದ್ಯಲ್ಲಯ್ಯಾ,” ಅಂದ ರಾಜ.

ಮೈನಿ ದೂರದಲ್ಲೇ ನಿಂತು ಲಾಲಿ ಗುನುಗಿದ್ಳು. ಎತ್ತಿನ ಕಿವಿ ನಿಮಿರ್ತು. ಗಾಣ ಕಿರ್ ಅಂತ ತಿರುಗ್ತು.

ದುಂಡಪ್ಪ ತಲೆ ತಗ್ಗಿಸ್ದ. ಮುದುಕಂದು, ಅಳಿಯಂದು, ಮೈನೀದು, ಮೂರೂ ಜನರ ಕೂಲಿ ಅವನ ಕಣಜದಿಂದಾನೇ ಅಳೆದು ಕೊಡಿಸಿದ್ರು. ಗಾಣಕ್ಕೆ ಬೀಗ ಬಿತ್ತು.

“ನೀನೂ ಹೋಗ್ಬೇಕಮ್ಮ,” ಅಂದ ರಾಜ. “ಕದ್ದು ಬಂದಿದ್ದು ತಪ್ಪೇ. ಇನ್ಮೇಲೆ ದೋಣಿಕಟ್ಟೇಲಿ ಕೆಲ್ಸ ಕೇಳ್ಕೊಂಡು ಬಂದೋರಿಗೆ ಮುದ್ರೆ ಕೊಡಿಸ್ತೀನಿ. ಮುಂದಿನ ಸುಗ್ಗಿಗೆ ಹಗಲಲ್ಲೇ ಬಾ.”

ಮೈನಿ ತನ್ನ ಕಾಳಿನ ಮೂಟೆ ಹೊತ್ಕೊಂಡು ದೋಣಿ ಹತ್ತಿದ್ಳು. ಮುದುಕನ, ಅಳಿಯನ ಮೂಟೆಗಳೂ ಅದೇ ದೋಣೀಲಿ ಹೋದ್ವು. ಆಚೆ ದಡದಲ್ಲಿ ಮಗಳು ಓಡಿ ಬರ್ತಿದ್ಲು.

ನೋಡಿದ್ರಾ, ಕದ್ದು ಬರೋದು ತಪ್ಪು. ಆದ್ರೆ ಹೆದರ್ಕೊಂಡು ಬಂದೋರನ್ನ ದುಡಿಸ್ಕೊಂಡು, ಆ ಹೆದರಿಕೇನೇ ತೋರ್ಸಿ ಕೂಲಿ ನುಂಗೋದು ಅದಕ್ಕಿಂತ ದೊಡ್ಡ ತಪ್ಪು.