ಧಣಿ ಕುಟ್ಟಿದ ಎಲೆಯಡಿಕೆ

“ಗುರುಗಳೇ, ದಿಕ್ಕಿಲ್ಲದ ಮುದುಕರಿಗಾಗಿ ನಮ್ಮ ಊರಿನಲ್ಲಿ ಒಂದು ಮನೆ ಕಟ್ಟಿಸಬೇಕೆಂದಿದ್ದೇನೆ. ಅಲ್ಲಿ ಏನೇನು ಇರಬೇಕು, ಅಪ್ಪಣೆಯಾಗಲಿ,” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಬ್ಬ ಹತ್ತಿ ವ್ಯಾಪಾರಿಯಿದ್ದ. ಅವನೂ ಇಂಥದೇ ಒಂದು ಮನೆ ಕಟ್ಟಿಸಿದ್ದ. ಗಾಳಿ ಬೆಳಕು ಚೆನ್ನಾಗಿತ್ತು. ಎರಡು ಹೊತ್ತು ಬಿಸಿ ಊಟ, ಕಾಯಿಲೆ ಬಿದ್ದರೆ ವೈದ್ಯ, ನೋಡಿಕೊಳ್ಳಲು ಒಬ್ಬ ಮೇಲ್ವಿಚಾರಕ. ವರ್ಷಕ್ಕೊಮ್ಮೆ, ಚಳಿ ಶುರುವಾಗುವ ಮುಂಚೆ, ವ್ಯಾಪಾರಿ ತಾನೇ ಬಂದು ಒಬ್ಬೊಬ್ಬರ ಕೈಗೂ ಒಂದೊಂದು ಕಂಬಳಿ ಕೊಟ್ಟು ಹೋಗುತ್ತಿದ್ದ.

ಅವನಿಗೂ ವಯಸ್ಸಾಯಿತು. ಹೆಂಡತಿ ತೀರಿಕೊಂಡಳು. ಮಕ್ಕಳು ಕೆಟ್ಟವರಲ್ಲ. ಸೊಸೆಯರು ಹೊತ್ತು ಹೊತ್ತಿಗೆ ಊಟವನ್ನು ಕೋಣೆಗೇ ಕಳಿಸುತ್ತಿದ್ದರು. ಆದರೆ ಕೆಲವು ದಿನ ಬೆಳಗಿನಿಂದ ಸಂಜೆಯವರೆಗೆ ಅವನ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ಆ ಮುದುಕರ ಮನೆಯಲ್ಲಾದರೆ ನನ್ನ ವಾರಗೆಯವರಿದ್ದಾರೆ, ಕೂತು ಮಾತಾಡಬಹುದು ಎಂದುಕೊಂಡ. ಮಕ್ಕಳು ಬೇಡವೆಂದರೂ ಕೇಳದೆ ಹಾಸಿಗೆ ಸುತ್ತಿಕೊಂಡು, ತಾನು ಕಟ್ಟಿಸಿದ ಮನೆಗೆ ತಾನೇ ಇರಲು ಹೋದ.

ಅವನನ್ನು ಕಂಡೊಡನೆ ಜಗಲಿಯಲ್ಲಿದ್ದವರೆಲ್ಲ ಎದ್ದು ಕೈಮುಗಿದರು. ಕೂತುಕೊಳ್ಳಿ ಎಂದ. ಕೂತರು. ಅದುವರೆಗೆ ನಡೆದಿದ್ದ ಹರಟೆ ಮಾತ್ರ ನಿಂತುಹೋಯಿತು. ಮೇಲ್ವಿಚಾರಕ ಮುಂದಿನ ಕೋಣೆಯನ್ನು ತೆರವು ಮಾಡಿಸಲು ಹೊರಟ. ವ್ಯಾಪಾರಿ ಒಪ್ಪದೆ ಎಲ್ಲರ ಜೊತೆ ಪಡಸಾಲೆಯಲ್ಲೇ ಹಾಸಿಕೊಂಡ. ಅಕ್ಕಪಕ್ಕದವರು ಮರ್ಯಾದೆಗೆಂದು ತಮ್ಮ ಚಾಪೆಗಳನ್ನು ಮೆಲ್ಲಗೆ ಅತ್ತ ಸರಿಸಿಕೊಂಡರು. ಊಟದಲ್ಲಿ ತುಪ್ಪ ಅವನ ಎಲೆಗೆ ಮಾತ್ರ ಬೀಳುತ್ತಿತ್ತು.

ಕೆಲವು ದಿನ ಹೀಗೇ ಕಳೆದವು. ಒಂದು ಸಂಜೆ ಹಿತ್ತಿಲ ಕಟ್ಟೆಯ ಕಡೆಗೆ ಹೋದ. ಅಲ್ಲಿ ದುರುಗವ್ವ ಎಂಬ ಮುದುಕಿ ಒಬ್ಬಳೇ ಕೂತಿದ್ದಳು. ಅವಳ ಎರಡು ಕಣ್ಣಿಗೂ ಪೊರೆ ಬಂದಿತ್ತು. ಊಟ, ನಿದ್ದೆ ಎಲ್ಲ ಹಿತ್ತಿಲ ಕೋಣೆಯಲ್ಲೇ ಆದ್ದರಿಂದ ವ್ಯಾಪಾರಿ ಬಂದಿರುವುದು ಅವಳಿಗೆ ತಿಳಿದಿರಲಿಲ್ಲ. ಕಾಲಸಪ್ಪಳ ಕೇಳಿ, “ಯಾರಪ್ಪ ಅದು, ಹೊಸಬನೇ? ಬಾ, ಇಲ್ಲಿ ಕೂತು ಈ ಎಲೆಯಡಿಕೆ ಕುಟ್ಟಿಕೊಡು. ನನಗೆ ಹಲ್ಲಿಲ್ಲ,” ಎಂದು ಕುಟ್ಟಾಣಿಯನ್ನು ಮುಂದಿಟ್ಟಳು.

ಅವನು ಕುಟ್ಟಿದ. ಅವಳು ಬಾಯಿಗೆ ಹಾಕಿಕೊಂಡು, “ಇದೇನು ಕುಟ್ಟಿದ್ದು? ಅಡಿಕೆ ಹೋಳು ಹಾಗೇ ಇದೆ. ಇಷ್ಟು ವಯಸ್ಸಾದರೂ ಒಂದು ಕೆಲಸ ನೆಟ್ಟಗೆ ಬರುವುದಿಲ್ಲವಲ್ಲ ನಿನಗೆ,” ಎಂದು ಬೈದಳು.

ಹೆಂಡತಿ ಹೋದ ಮೇಲೆ ಅವನನ್ನು ಯಾರೂ ಬೈದಿರಲಿಲ್ಲ. ಅವನ ಕಣ್ಣು ತುಂಬಿ ಬಂತು. ಇನ್ನೊಮ್ಮೆ ಕುಟ್ಟಿದ.

ಆಮೇಲೆ ದಿನಾ ಸಂಜೆ ಅಲ್ಲಿಗೆ ಹೋಗತೊಡಗಿದ. ಅವಳು ಬೈಯುವಳು, ಅವನು ಕುಟ್ಟುವನು. ಹೆಸರು ಕೇಳಿದಾಗ ಚಿಕ್ಕಂದಿನಲ್ಲಿ ಮನೆಯವರು ಕರೆಯುತ್ತಿದ್ದ ಹೆಸರು ಹೇಳಿದ. ತಾನು ಯಾರೆಂದು ಅವಳಿಗೆ ತಿಳಿಸಬೇಡಿರೆಂದು ಉಳಿದವರನ್ನು ಕೇಳಿಕೊಂಡಿದ್ದ.

ಒಂದು ದಿನ ದುರುಗವ್ವ, “ಈ ಮನೆ ಕಟ್ಟಿಸಿದ ಧಣಿ ಇದ್ದಾನಲ್ಲ, ಅವನ ತಾಯಿ ನಮ್ಮೂರಿನವಳಂತೆ. ಊರ ಬಾವಿಯ ಹತ್ತಿರ ಒಂದು ಹುಣಸೆಮರವಿತ್ತು. ನಾನು ಆಡಿ ಬೆಳೆದದ್ದೇ ಅದರ ಕೆಳಗೆ. ಅದು ಇನ್ನೂ ಇದೆಯೇ ಎಂದು ಅವನನ್ನು ಕೇಳಬೇಕು. ಅವನೋ, ಕಂಬಳಿ ಕೊಟ್ಟು ಹೋಗಿಬಿಡುತ್ತಾನೆ. ಇಷ್ಟು ವರ್ಷವಾದರೂ ಅವನ ದನಿಯನ್ನೇ ನಾನು ಕೇಳಿಲ್ಲ,” ಎಂದಳು.

ಸುಮ್ಮನಿರುವುದೇ ಒಳ್ಳೆಯದೆಂದು ವ್ಯಾಪಾರಿಗೆ ಗೊತ್ತಿತ್ತು. ಆದರೆ ಅವಳ ಮುಖ ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ. “ಮರ ಇದೆ, ದುರುಗವ್ವ. ಅವ್ವನ ಊರಿಗೆ ಹೋದಾಗಲೆಲ್ಲ ಅದರ ನೆರಳಲ್ಲಿ ಕೂತು ಬರುತ್ತಿದ್ದೆ. ಈಗಲೂ ಕಾಯಿ ಬಿಡುತ್ತದೆ,” ಎಂದ.

ಅವಳು ಬಾಯಾಡಿಸುವುದು ನಿಂತಿತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಗೋಡೆ ಹಿಡಿದು ಎದ್ದು ನಿಂತು, ದನಿ ಬಂದ ಕಡೆಗೆ ಕೈಮುಗಿದು, “ತಪ್ಪಾಯಿತು ಧಣಿ,” ಎಂದಳು.

ಕೂತುಕೋ ಎಂದು ಅವನು ಎಷ್ಟೋ ಬೇಡಿಕೊಂಡ. ಮರುದಿನವೂ ಹೋಗಿ ಕುಟ್ಟಾಣಿ ಕೇಳಿದ. “ಬೇಡ ಧಣಿ, ನಾನೇ ಕುಟ್ಟಿಕೊಂಡೆ,” ಎಂದಳು. ನುಣ್ಣಗಾಗದ ಅಡಿಕೆಯ ಹೋಳನ್ನು ಅವಳು ಬೊಚ್ಚುಬಾಯಲ್ಲಿ ಆ ಕೆನ್ನೆಯಿಂದ ಈ ಕೆನ್ನೆಗೆ ಹೊರಳಿಸುತ್ತಿದ್ದಳು.

ವ್ಯಾಪಾರಿ ಆ ಮನೆಯಲ್ಲೇ ಇದ್ದು ಅಲ್ಲೇ ತೀರಿಕೊಂಡ. ಕೊನೆಯವರೆಗೂ ಎಲ್ಲರೂ ಅವನನ್ನು ಚೆನ್ನಾಗಿ ನೋಡಿಕೊಂಡರು.

ಕತೆ ಮುಗಿಯಿತು. “ಹಾಗಾದರೆ ನಾನು ಕಟ್ಟಿಸುವ ಮನೆಯಲ್ಲಿ…” ಎಂದು ಶಿಷ್ಯ ಮಾತು ತೆಗೆದ.

ಗುರುಗಳು ಕೇಳಿದರು: “ಆ ಮನೆಗೆ ಬರುವ ಮುದುಕರಲ್ಲಿ ನಿನ್ನನ್ನು ಬೈಯುವಷ್ಟು ಸಲುಗೆ ಇರುವವರು ಯಾರಿದ್ದಾರೆ?”