ಕೆಮ್ಮಿಗೆ ಓಟಿಲ್ಲ

"ಈ ಹುಡುಗೀರು ಊಟ ಮಾಡ್ತಾರೆ, ನೀರು ಮಾತ್ರ ಕುಡಿಯಲ್ಲ. ಯಾಕೆ ಅಂತ ಒಂದಿಷ್ಟು ಕೇಳ್ರಿ."

ನನ್ನ ಹೆಂಡತಿ ತಿಪ್ಪಮ್ಮ ನನಗೆ ಹೇಳಿದ ಕಡೇ ಮಾತು ಇದು. ನಮ್ಮ ಹೈಸ್ಕೂಲಿನಲ್ಲಿ ಬಿಸಿಯೂಟ ಮಾಡುತ್ತಿದ್ದಳು. ನಾನು ಅಲ್ಲೇ ಜವಾನ. ಮಾತು ಮುಗಿಸಿ ಬೇಳೆ ತೊಳೆಯಲು ಕೂತಳು. ಏಳಲಿಲ್ಲ. ಎದೆಬಡಿತ ನಿಂತಿದೆ ಅಂದರು ಡಾಕ್ಟರು.

ತಿಥಿ ಮುಗಿಸಿ ಕೆಲಸಕ್ಕೆ ಬಂದವನು ಕೇಳಿದೆ. ಒಂಬತ್ತನೇ ಕ್ಲಾಸಿನ ರುದ್ರಾಕ್ಷಿ ಬಾಯಲ್ಲಿ ಹೇಳಲಿಲ್ಲ. ಮುಚ್ಚಿದ ಬಾಗಿಲೊಂದರ ಕಡೆ ಬೆರಳು ತೋರಿಸಿದಳು.

ಹೆಣ್ಣುಮಕ್ಕಳಿಗೆ ಅಂತ ಹೊಸ ಶೌಚಾಲಯ ಕಟ್ಟಿಸಿದ್ದರು. ಬಾಗಿಲಿಗೆ ಬೀಗ. ಕೀಲಿಕೈ ಹೆಡ್ಮೇಷ್ಟ್ರು ಚಿದಾನಂದಪ್ಪನವರ ಜೇಬಿನಲ್ಲಿ. ಯಾಕೆ ಅಂದರೆ ಉದ್ಘಾಟನೆ ಆಗಿಲ್ಲ. ಶಾಸಕರು ಬಂದು ಟೇಪು ಕತ್ತರಿಸಬೇಕು. ಶಾಸಕರಿಗೆ ಪುರುಸೊತ್ತಿಲ್ಲ. ಅವರಿಗೆ ಪುರುಸೊತ್ತಾಗುವವರೆಗೆ ಹುಡುಗಿಯರು ತಡೆದುಕೊಳ್ಳಬೇಕು.

ನೀರು ಕುಡಿದರೆ ಹೋಗಬೇಕು. ಹೋಗಲು ಜಾಗ ಇಲ್ಲ. ಅದಕ್ಕೆ ಕುಡಿಯುತ್ತಿರಲಿಲ್ಲ. ಎಂಟನೇ ಕ್ಲಾಸಿನ ಒಬ್ಬಳು ಶಾಲೆಯನ್ನೇ ಬಿಟ್ಟಿದ್ದಳು.

ಹೆಡ್ಮೇಷ್ಟ್ರು ಅನ್ಯಾಯದ ಮನುಷ್ಯರೇನಲ್ಲ. ಬೀಗವನ್ನು ಕಾನೂನಿನ ಪ್ರಕಾರವೇ ಹಾಕಿದ್ದರು, ಶಾಲಾ ಸಂಸತ್ತಿನಲ್ಲಿ ಪಾಸು ಮಾಡಿಸಿ.

ನಮ್ಮಲ್ಲಿ ಮಕ್ಕಳ ಸಂಸತ್ತು ಇದೆ. ಒಬ್ಬ ಮುಖ್ಯಮಂತ್ರಿ, ಆಹಾರ ಮಂತ್ರಿ, ಸ್ವಚ್ಛತಾ ಮಂತ್ರಿ, ಎಲ್ಲ ಇದ್ದಾರೆ. ಸ್ಪೀಕರ್ ಮಾತ್ರ ಹೆಡ್ಮೇಷ್ಟ್ರೇ. ಸ್ಪೀಕರ್ ಅಂದರೆ ಮಾತಾಡುವವನು ಅಂತ ಅವರು ತಿಳಿದಿದ್ದರು. ಅವರು ಹೇಳುತ್ತಿದ್ದರು, ಆಮೇಲೆ ಕೇಳುತ್ತಿದ್ದರು: "ಯಾರಿಗಾದರೂ ವಿರೋಧ ಇದೆಯಾ?"

ಕೈಯಲ್ಲಿ ಬೆತ್ತ ಇರುತ್ತಿತ್ತು. ಯಾರೂ ಉಸಿರೆತ್ತುತ್ತಿರಲಿಲ್ಲ.

"ಮೌನಂ ಸಮ್ಮತಿ ಲಕ್ಷಣಂ. ಪಾಸು."

ವಿರೋಧ ಪಕ್ಷದ ನಾಯಕಿ ರುದ್ರಾಕ್ಷಿ. ಅವಳನ್ನೂ ಅವರೇ ಆರಿಸಿದ್ದು, ಹುಡುಗಿ ಮಾತು ಕಡಿಮೆ ಅಂತ. "ವಿರೋಧ ಪಕ್ಷದ ನಾಯಕಿ ಅವಿರೋಧವಾಗಿ ಆಯ್ಕೆ" ಅಂತ ಬೋರ್ಡಿನ ಮೇಲೆ ಬರೆಸಿದ್ದರು. ನಗಬೇಕು ಅಂತ ಯಾರಿಗೂ ಅನ್ನಿಸಲಿಲ್ಲ.

ಅವಳು ಆಫೀಸಿಗೆ ಹೋದಳು. ನಾನು ಟೀ ಲೋಟ ತೆಗೆಯುತ್ತಿದ್ದೆ.

"ಸಾರ್, ಬೀಗ ತೆಗೆಸಿ ಸಾರ್."

"ಸಂಸತ್ತು ಹಾಕಿದ ಬೀಗ ಅಮ್ಮಾ. ನಾನು ಯಾರು ತೆಗೆಯೋಕೆ?"

"ಸಂಸತ್ತೇ ತೆಗೀಬಹುದಾ ಸಾರ್?"

"ತೆಗೀಲಿ. ಆದರೆ ಒಬ್ಬರ ವಿರೋಧವೂ ಇರಬಾರದು. ನನ್ನದೂ ಸೇರಿ." ಹೆಡ್ಮೇಷ್ಟ್ರು ಕುರ್ಚಿಗೆ ಒರಗಿದರು. "ನನ್ನ ಬಾಯಿ ಮುಚ್ಚಿಸಿದವರು ಈ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ."

"ಹೌದು ಸಾರ್" ಅಂದು ಅವಳು ಹೊರಗೆ ಬಂದಳು.

ಸಂಜೆ ನಾನು ಗಂಟೆ ಹೊಡೆಯುವಲ್ಲಿಗೆ ಬಂದು ನಿಂತಳು.

"ಓಬಣ್ಣ, ತಿಪ್ಪಕ್ಕನ ಹೆಸರು ಒಂದು ಕೆಲಸಕ್ಕೆ ಬೇಕಿತ್ತು. ನೀವು ಬೇಡ ಅಂದರೆ ಬೇಡ."

"ಏನು ಕೆಲಸ?"

"ಹೆಡ್ಮೇಷ್ಟ್ರನ್ನ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿಸಬೇಕು."

"ಬದುಕಿದ್ದಾಗ ಅವಳ ಕೈಲಿ ಆಗಲಿಲ್ಲ ಅದು" ಅಂದೆ. "ಈಗ ಆದರೆ ಆಗಲಿ. ತಗೋ."

ಆ ವಾರವೇ ಶಿಕ್ಷಣಾಧಿಕಾರಿ ಮೇಡಂ ಬಂದರು, ನಮ್ಮ ಸಂಸತ್ತು ನೋಡಲು. ಹೆಡ್ಮೇಷ್ಟ್ರು ಹೊಸ ಪ್ಯಾಂಟು ಹಾಕಿದ್ದರು.

"ನಮ್ಮಲ್ಲಿ ಗಲಾಟೆ ಅನ್ನೋದೇ ಇಲ್ಲ ಮೇಡಂ. ಮೌನಂ ಸಮ್ಮತಿ ಲಕ್ಷಣಂ. ಈ ಶಾಲೆ ನಡೆಯೋದೇ ಈ ಮಾತಿನ ಮೇಲೆ."

"ತುಂಬ ಶಿಸ್ತು" ಅಂದರು ಮೇಡಂ.

ರುದ್ರಾಕ್ಷಿ ಎದ್ದಳು. "ಸಂತಾಪ ಸೂಚನೆ, ಸಾರ್."

ಮೇಡಂ ಮುಂದೆ ಸಂತಾಪ ಅಂದರೆ ಶೋಭೆ. ಹೆಡ್ಮೇಷ್ಟ್ರು ತಲೆ ಆಡಿಸಿದರು.

ಹುಡುಗಿ ಒಂದೇ ಉಸಿರಿಗೆ ಹೇಳಿದಳು: "ನಮಗೆ ಅನ್ನ ಬಡಿಸಿದ ತಿಪ್ಪಕ್ಕ ತೀರಿಕೊಂಡರು. ಅವರ ನೆನಪಿಗೆ ಹೆಣ್ಣುಮಕ್ಕಳ ಶೌಚಾಲಯದ ಬೀಗ ನಾಳೆಯಿಂದ ತೆಗೆಯಬೇಕು. ವಿರೋಧ ಇದ್ದವರು ಹೇಳಬಹುದು. ಈಗ ಎಲ್ಲರೂ ಎದ್ದು ಎರಡು ನಿಮಿಷ ಮೌನ."

ಎಲ್ಲರೂ ಎದ್ದರು. ಮೇಡಂ ಎದ್ದು ಕಣ್ಣು ಮುಚ್ಚಿದರು.

ಹೆಡ್ಮೇಷ್ಟ್ರು ಬಾಯಿ ತೆರೆದರು. ಮೇಡಂ ಕಡೆ ನೋಡಿದರು. ಬಾಯಿ ಮುಚ್ಚಿದರು. ನನ್ನ ಕಡೆ ನೋಡಿದರು. ನಾನು ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದೆ. ಸತ್ತವಳ ಗಂಡ ಎದುರಿಗಿದ್ದಾಗ ಏನು ಮಾತಾಡುತ್ತಾರೆ? ಕೆಮ್ಮಿದರು. ಇನ್ನೊಂದು ಸಲ ಜೋರಾಗಿ ಕೆಮ್ಮಿದರು. ಕುತ್ತಿಗೆ ಕೆಂಪಗಾಯಿತು.

ಅವಳಿಗಾಗಿ ಇಷ್ಟು ಜನ ನಿಂತಿದ್ದನ್ನು ನಾನು ನೋಡಿದ್ದು ಅವತ್ತೇ. ಎರಡು ನಿಮಿಷ ಸಾಲದು ಅನ್ನಿಸಿತು. ಹೆಡ್ಮೇಷ್ಟ್ರಿಗೆ ಹಾಗೆ ಅನ್ನಿಸಿರಲಿಕ್ಕಿಲ್ಲ.

"ಮೌನಂ ಸಮ್ಮತಿ ಲಕ್ಷಣಂ" ಅಂದಳು ರುದ್ರಾಕ್ಷಿ. "ಪಾಸು."

"ಪಾಸು ಹೇಗಾಗುತ್ತೆ? ನಾನು ಕೆಮ್ಮಿದೆನಲ್ಲ."

"ಕೆಮ್ಮಿಗೆ ಓಟಿಲ್ಲ ಸಾರ್."

ಹುಡುಗರು ಬಾಯಿಗೆ ಕೈ ಅಡ್ಡ ಹಿಡಿದರು.

"ನೋಡಮ್ಮಾ, ನಾನು ಸುಮ್ಮನಿದ್ದದ್ದು ತಿಪ್ಪಮ್ಮನಿಗೆ. ಬೀಗಕ್ಕಲ್ಲ. ಸುಮ್ಮನಿದ್ದ ಮಾತ್ರಕ್ಕೆ ಒಪ್ಪಿದ ಹಾಗೆ ಆಗುತ್ತಾ?"

ರುದ್ರಾಕ್ಷಿ ನಿಧಾನಕ್ಕೆ ಹೇಳಿದಳು:

"ಆಗುತ್ತೆ ಅಂದರೆ ಬೀಗ ತೆಗೀಬೇಕು ಸಾರ್. ಆಗಲ್ಲ ಅಂದರೆ, ಅವತ್ತು ಬೀಗ ಹಾಕುವಾಗ ನಾವೂ ಸುಮ್ಮನೇ ಇದ್ದದ್ದು. ಅದೂ ಪಾಸಾಗಿಲ್ಲ. ಎರಡರಲ್ಲಿ ಯಾವುದು ಅಂತ ತಾವೇ ಅಪ್ಪಣೆ ಕೊಡಿಸಿ."

ಮೊದಲು ನಕ್ಕವರು ಮೇಡಂ. ಅವರು ನಕ್ಕ ಮೇಲೆ ಹೆಡ್ಮೇಷ್ಟ್ರೂ ನಗಬೇಕಾಯಿತು. ನಗುತ್ತಲೇ ಜೇಬಿಗೆ ಕೈ ಹಾಕಿ ಕೀಲಿಕೈ ತೆಗೆದು ಅವಳ ಕೈಗೆ ಹಾಕಿದರು.

"ಮುಂದಿನ ವರ್ಷ ನಿನ್ನನ್ನ ಆಡಳಿತ ಪಕ್ಷಕ್ಕೆ ಹಾಕ್ತೀನಿ" ಅಂದರು. "ಅಲ್ಲಿದ್ದರೆ ಬಾಯಿ ಬಿಡಲ್ಲ ನೀನು."

ಮಾರನೇ ಬೆಳಿಗ್ಗೆ ನಾನು ಪ್ರಾರ್ಥನೆಯ ಗಂಟೆ ತಡವಾಗಿ ಹೊಡೆದೆ. ಶೌಚಾಲಯದ ಮುಂದೆ ಹುಡುಗಿಯರ ಸಾಲು ಇನ್ನೂ ಕರಗಿರಲಿಲ್ಲ.